ಒಂದು ಲಿನಕ್ಸ್ ಕಂಪ್ಯೂಟರಿನ ತಂತ್ರಾಂಶಗಳನ್ನು ಇಡೀ ಲ್ಯಾಬಿಗೆ ತರುವುದು ಹೇಗೆ?

ಸೇಡಂ, ಶಹಾಪುರ, ಭಾಲ್ಕಿ ಕಡೆಯ ಶಿಕ್ಷಕರು, ಕಲಬುರಗಿಯಲ್ಲಿ ಸಣ್ಣ ತರಬೇತಿ ಕೇಂದ್ರ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಕನ್ನಡ ಅಕ್ಷರಶೈಲಿಯಿಂದ ಹಿಡಿದು ಮಕ್ಕಳ ಕಲಿಕೆಯ ಆಟದವರೆಗೆ ಬೇಕಾದುದನ್ನೆಲ್ಲ ಸೇರಿಸಿದ್ದೇವೆ. ಉಳಿದ ಹದಿನೈದು ಕಂಪ್ಯೂಟರುಗಳ ಮುಂದೆಯೂ ಕುಳಿತು ಇದನ್ನೇ ಮೊದಲಿನಿಂದ ಮಾಡಬೇಕೆ?"

ಬೇಡ. ಮೊದಲ ಕಂಪ್ಯೂಟರಿನಿಂದ ತಂತ್ರಾಂಶಗಳ ಹೆಸರಿನ ಪಟ್ಟಿಯೊಂದನ್ನು ತೆಗೆದು, ಅದನ್ನು ಸ್ವಲ್ಪ ತಿದ್ದಿ, ಉಳಿದವುಗಳಿಗೆ ಕೊಟ್ಟರೆ ಸಾಕು. ಆದರೆ ಬಹಳ ಜನ ಪಟ್ಟಿಯನ್ನು ತಿದ್ದುವ ಹಂತವನ್ನೇ ಬಿಟ್ಟುಬಿಡುತ್ತಾರೆ. ಕಂಪ್ಯೂಟರುಗಳು ಕೆಡುವುದೂ ಅಲ್ಲಿಯೇ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಇಡೀ ಹಾರ್ಡ್ ಡಿಸ್ಕನ್ನೇ ಕ್ಲೋನೆಜಿಲ್ಲಾದಂತಹ ಸಾಧನದಿಂದ ನಕಲು ಮಾಡಬಾರದೆ ಎಂದು ಕೆಲವರು ಕೇಳುತ್ತಾರೆ. ಎಲ್ಲ ಕಂಪ್ಯೂಟರುಗಳೂ ಒಂದೇ ಮಾದರಿಯವಾಗಿದ್ದರೆ ಮಾಡಬಹುದು. ಆಗಲೂ ಪ್ರತಿಯೊಂದರಲ್ಲಿ ಯಂತ್ರದ ಹೆಸರು, ಯಂತ್ರದ ಗುರುತಿನ ಸಂಖ್ಯೆ, ಎಸ್‌ಎಸ್‌ಎಚ್ ಕೀಲಿಗಳನ್ನು (ದೂರದಿಂದ ಲಾಗಿನ್ ಆಗುವಾಗ ಯಂತ್ರವನ್ನು ಗುರುತಿಸುವ ಕೀಲಿಗಳು) ಬದಲಿಸಲೇಬೇಕು. ಇಲ್ಲದಿದ್ದರೆ ನೆಟ್‌ವರ್ಕಿನಲ್ಲಿ ಒಂದೇ ಗುರುತಿನ ಹಲವು ಯಂತ್ರಗಳು ನಿಲ್ಲುತ್ತವೆ. ನಮ್ಮ ಭಾಗದ ಲ್ಯಾಬುಗಳಲ್ಲಿ ಒಂದು ಯಂತ್ರ ಖರೀದಿಸಿದ್ದು, ಇನ್ನೊಂದು ದಾನವಾಗಿ ಬಂದದ್ದು, ಮತ್ತೊಂದು ಕಚೇರಿಯಿಂದ ಬಿಡುಗಡೆಯಾದದ್ದು. ಇಂತಹ ಕಡೆ ಪಟ್ಟಿಯ ದಾರಿಯೇ ಸರಿ.

ಇಲ್ಲಿ ಹೇಳುವುದು ಲಿನಕ್ಸಿನ ಬಗೆಗಳಲ್ಲಿ ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಬಳಸುವವರಿಗೆ. ಫೆಡೋರಾ ಮತ್ತು ಆರ್ಚ್ ಬಗ್ಗೆ ಕೊನೆಯಲ್ಲಿ ಚುಟುಕಾಗಿ ಹೇಳಿದ್ದೇನೆ.

ಆಜ್ಞೆಗಳನ್ನು ಓದುವ ಬಗೆ: ಈ ಲೇಖನದಲ್ಲಿ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಅಡ್ಡಗೆರೆ, ಖಾಲಿ ಜಾಗ, ಬಾಣದ ಗುರುತು ಎಲ್ಲವೂ ಇಲ್ಲಿರುವಂತೆಯೇ ಇರಲಿ. ಕಾಗುಣಿತದ ಅನುಮಾನ ಬಂದರೆ ಮೊದಲ ಮೂರ್ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಕೀಲಿಯನ್ನು ಎರಡು ಸಲ ಒತ್ತಿ. ಯಂತ್ರವೇ ಸರಿಯಾದ ಹೆಸರನ್ನು ತೋರಿಸುತ್ತದೆ. ಕಡತಗಳ ಹೆಸರು ಮಾತ್ರ ನಿಮ್ಮ ಇಷ್ಟ.

ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ. ಎಲ್ಲವನ್ನೂ ಹೊಂದಿಸಿಟ್ಟ ಒಂದು ಕಂಪ್ಯೂಟರ್ (ಇದನ್ನು ಮೂಲ ಯಂತ್ರ ಎನ್ನೋಣ), ಲಿನಕ್ಸ್ ಹೊಸದಾಗಿ ಹಾಕಿದ ಇತರ ಕಂಪ್ಯೂಟರುಗಳು (ಗುರಿ ಯಂತ್ರಗಳು), ಒಂದು ಪೆನ್‌ಡ್ರೈವ್, ಇಂಟರ್ನೆಟ್ ಮತ್ತು ಸುಡೊ ಅಧಿಕಾರ, ಅಂದರೆ ತಂತ್ರಾಂಶ ಹಾಕಲು ಬೇಕಾದ ನಿರ್ವಾಹಕರ ಪಾಸ್‌ವರ್ಡ್. ಯುಪಿಎಸ್ ಇದ್ದರೆ ಬಹಳ ಒಳ್ಳೆಯದು. ಏಕೆಂಬುದು ಮುಂದೆ ಬರುತ್ತದೆ.

1. ಎರಡೂ ಕಡೆಯ ಆವೃತ್ತಿ ನೋಡಿಕೊಳ್ಳಿ

ಮೂಲ ಯಂತ್ರದಲ್ಲೂ ಗುರಿ ಯಂತ್ರದಲ್ಲೂ ಈ ಎರಡು ಆಜ್ಞೆಗಳನ್ನು ಕೊಡಿ:

ಕ್ಯಾಟ್ /ಇಟಿಸಿ/ಓಎಸ್-ರಿಲೀಸ್
ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್

ಮೊದಲನೆಯದು ಯಾವ ಲಿನಕ್ಸ್, ಯಾವ ಆವೃತ್ತಿ ಎಂದು ಹೇಳುತ್ತದೆ. ಎರಡನೆಯದು ಹಾಕಿರುವ ಲಿನಕ್ಸ್ ಯಾವ ಬಗೆಯ ಪ್ರೊಸೆಸರಿಗಾಗಿ ಎಂದು ಹೇಳುತ್ತದೆ: ಎಎಮ್‌ಡಿ64 ಎಂದರೆ 64 ಬಿಟ್ (ಇಂಟೆಲ್ ಪ್ರೊಸೆಸರ್ ಇದ್ದರೂ ಇದೇ ಹೆಸರು ಬರುತ್ತದೆ, ಗಾಬರಿ ಬೇಡ), ಐ386 ಎಂದರೆ ಹಳೆಯ 32 ಬಿಟ್.

ಎರಡೂ ಕಡೆ ಒಂದೇ ಉತ್ತರ ಬಂದರೆ ಕೆಲಸ ಹಗುರ. ಮೂಲದಲ್ಲಿ ಉಬುಂಟು 22.04, ಗುರಿಯಲ್ಲಿ 24.04 ಇದ್ದರೂ ನಡೆಯುತ್ತದೆ, ಆದರೆ ಕೆಲವು ಹೆಸರುಗಳು ಹೊಂದುವುದಿಲ್ಲ. ಡೆಬಿಯನ್‌ನಿಂದ ಉಬುಂಟುವಿಗೆ ಹೋದರೆ ಇನ್ನಷ್ಟು ವ್ಯತ್ಯಾಸ: ಡೆಬಿಯನ್‌ನಲ್ಲಿ ಬ್ರೌಸರಿನ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಫೈರ್‌ಫಾಕ್ಸ್-ಇಎಸ್‌ಆರ್, ಉಬುಂಟು 22.04ರಿಂದ ಫೈರ್‌ಫಾಕ್ಸ್ ಎಂಬ ಪ್ಯಾಕೇಜ್ ಹಾಕಿದರೆ ಅದು ಸ್ನ್ಯಾಪ್ ಎಂಬ ಬೇರೆಯೇ ವ್ಯವಸ್ಥೆಯ ರೂಪದ ಬ್ರೌಸರನ್ನು ತರುತ್ತದೆ. ಹೊಸ ಲ್ಯಾಬ್ ಕಟ್ಟುತ್ತಿದ್ದರೆ ಎಲ್ಲ ಯಂತ್ರಗಳಿಗೂ ಒಂದೇ ಆವೃತ್ತಿಯನ್ನು ಹಾಕಿ. ಮುಂದಿನ ಎಷ್ಟೋ ತಲೆನೋವು ಇಲ್ಲೇ ಮುಗಿಯುತ್ತದೆ.

2. ಪಟ್ಟಿ ತೆಗೆಯಿರಿ, ಸರಿಯಾದ ಪಟ್ಟಿಯನ್ನು

ಪ್ಯಾಕೇಜ್ ಎಂದರೆ ಒಂದು ತಂತ್ರಾಂಶ ಮತ್ತು ಅದರ ವಿವರಗಳನ್ನು ಒಟ್ಟಿಗೆ ಕಟ್ಟಿದ ಕಡತ. ಒಂದು ಪ್ಯಾಕೇಜ್ ಕೆಲಸ ಮಾಡಲು ಬೇರೆ ಹತ್ತಾರು ಪ್ಯಾಕೇಜ್‌ಗಳು ಬೇಕಾಗಬಹುದು. ಅವು ಅದರ ಅವಲಂಬನೆಗಳು. ನೀವು ಲಿಬ್ರೆಆಫೀಸ್ ಕೇಳಿದಾಗ ಅದರ ಅವಲಂಬನೆಗಳನ್ನು ಆಪ್ಟ್ ಎಂಬ ಪ್ಯಾಕೇಜ್ ನಿರ್ವಹಣಾ ಸಾಧನ ತಾನಾಗಿಯೇ ತರುತ್ತದೆ. ಯಾವುದನ್ನು ಕೇಳಿ ಹಾಕಲಾಯಿತು, ಯಾವುದು ಜೊತೆಗೆ ಬಂತು ಎಂಬ ಲೆಕ್ಕವನ್ನೂ ಅದು ಇಟ್ಟಿರುತ್ತದೆ.

ಹಳೆಯ ಕೈಪಿಡಿಗಳಲ್ಲಿ ನಿಮಗೆ ಸಿಗುವುದು ಈ ದಾರಿ: ಮೂಲದಲ್ಲಿ "ಡಿಪಿಕೆಜಿ --ಗೆಟ್-ಸೆಲೆಕ್ಷನ್ಸ್", ಗುರಿಯಲ್ಲಿ "ಡಿಪಿಕೆಜಿ --ಸೆಟ್-ಸೆಲೆಕ್ಷನ್ಸ್", ಬಳಿಕ "ಆಪ್ಟ್-ಗೆಟ್ ಡಿಸೆಲೆಕ್ಟ್-ಅಪ್‌ಗ್ರೇಡ್". ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಕಾರಣ ಎರಡು. ಒಂದು, ಈ ಪಟ್ಟಿಯಲ್ಲಿ ಅವಲಂಬನೆಗಳೂ ಸೇರಿ ಯಂತ್ರದಲ್ಲಿರುವ ಸಮಸ್ತವೂ ಬರುತ್ತದೆ, ಮತ್ತು ಗುರಿ ಯಂತ್ರದಲ್ಲಿ ಅವೆಲ್ಲವೂ ನೀವೇ ಕೇಳಿ ಹಾಕಿಸಿಕೊಂಡವು ಎಂದು ದಾಖಲಾಗುತ್ತವೆ. ಮುಂದೆ ಬೇಡವಾದ ಅವಲಂಬನೆಗಳನ್ನು ತೆಗೆಯುವ ಆಟೊರಿಮೂವ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡು, ಗುರಿ ಯಂತ್ರದ ಡಿಪಿಕೆಜಿ ಎಂಬ ಅಳವಡಿಕೆ ಸಾಧನಕ್ಕೆ ಗೊತ್ತಿಲ್ಲದ ಹೆಸರುಗಳನ್ನು ಅದು ಒಂದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತದೆ. ಸಾಲುಸಾಲು ಎಚ್ಚರಿಕೆಗಳ ನಡುವೆ ಅದು ಕಣ್ಣಿಗೆ ಬೀಳದಿದ್ದರೆ, ಕೊನೆಗೆ ಏನೂ ಬಂದಿಲ್ಲ ಎಂದು ಜನ ಕಂಗಾಲಾಗುತ್ತಾರೆ.

ಬದಲಿಗೆ ಮೂಲ ಯಂತ್ರದಲ್ಲಿ ಇದನ್ನು ಕೊಡಿ:

ಆಪ್ಟ್-ಮಾರ್ಕ್ ಶೋಮ್ಯಾನುಯಲ್ > ಪಟ್ಟಿ

ಕೇಳಿ ಹಾಕಿಸಿಕೊಂಡ ಪ್ಯಾಕೇಜ್‌ಗಳು ಮಾತ್ರ "ಪಟ್ಟಿ" ಎಂಬ ಕಡತದಲ್ಲಿ ಸಾಲಿಗೊಂದರಂತೆ ಬರುತ್ತವೆ. ಸಂತೆಗೆ ಹೋಗುವವರ ಚೀಟಿಯಲ್ಲಿ ಜೋಳ, ತೊಗರಿಬೇಳೆ ಎಂದು ಮಾತ್ರ ಇರುತ್ತದಲ್ಲ, ಹಾಗೆ. ಅವಲಂಬನೆಗಳನ್ನು ಗುರಿ ಯಂತ್ರದ ಆಪ್ಟ್ ತನ್ನ ಆವೃತ್ತಿಗೆ ತಕ್ಕಂತೆ ತಾನೇ ಆರಿಸಿಕೊಳ್ಳುತ್ತದೆ. ಮೂಲಕ್ಕೂ ಗುರಿಗೂ ಆವೃತ್ತಿ ಬೇರೆಯಿದ್ದರೂ ಈ ದಾರಿ ತಡೆದುಕೊಳ್ಳುವುದು ಇದರಿಂದಲೇ.

ಪಟ್ಟಿಯನ್ನು ತೆರೆದಾಗ ನೀವು ಎಂದೂ ಕೇಳದ ಹೆಸರುಗಳು ಕಾಣಿಸಿದರೆ ಆಶ್ಚರ್ಯ ಬೇಡ. ಲಿನಕ್ಸ್ ಅಳವಡಿಸುವಾಗ ಅನುಸ್ಥಾಪಕ ತಂತ್ರಾಂಶವೂ ಕೆಲವನ್ನು "ಕೇಳಿ ಹಾಕಿದ್ದು" ಎಂದೇ ಗುರುತು ಹಾಕಿರುತ್ತದೆ. ಅವು ಗುರಿ ಯಂತ್ರದಲ್ಲೂ ಇರುವುದರಿಂದ ಹೆಚ್ಚಿನವು ಹಾಗೆಯೇ ಇದ್ದರೂ ತೊಂದರೆಯಿಲ್ಲ. ತೊಂದರೆ ಕೊಡುವವು ಬೇರೆಯೇ ಇವೆ.

3. ಪಟ್ಟಿಯನ್ನು ಕಣ್ಣಿಟ್ಟು ತಿದ್ದಿ

ಕಡತವನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ. ಇದನ್ನು ಆಜ್ಞೆಯೊಂದರಿಂದಲೂ ಮಾಡಬಹುದು, ಆದರೆ ಓದುವುದೇ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಲ್ಯಾಬಿಗೆ ನಿಜವಾಗಿ ಏನು ಬೇಕು ಎಂದು ನೀವು ತೀರ್ಮಾನಿಸುವುದು ಇದೊಂದೇ ಹಂತದಲ್ಲಿ.

ಮೂಲ ಯಂತ್ರದ ಒಡಲಿಗೆ ಅಂಟಿಕೊಂಡ ಪ್ಯಾಕೇಜ್‌ಗಳ ಸಾಲುಗಳನ್ನು ಅಳಿಸಿ:

ಗ್ರಬ್ ಮತ್ತು ಶಿಮ್ ಎಂದು ಆರಂಭವಾಗುವ ಎಲ್ಲವೂ. ಗ್ರಬ್ ಎಂದರೆ ಕಂಪ್ಯೂಟರ್ ಆನ್ ಆದಾಗ ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ. ಯಂತ್ರ ಆನ್ ಆಗುವ ಬಗೆ ಎರಡು: ಹಳೆಯ ಬಯಾಸ್ ಯಂತ್ರಗಳಿಗೆ ಗ್ರಬ್-ಪಿಸಿ, ಹೊಸ ಯುಇಎಫ್‌ಐ ಯಂತ್ರಗಳಿಗೆ ಗ್ರಬ್-ಇಎಫ್‌ಐ-ಎಎಮ್‌ಡಿ64. ಇವೆರಡೂ ಒಟ್ಟಿಗೆ ಇರಲಾರವು. ಹಳೆಯ ಯಂತ್ರದ ಪಟ್ಟಿಯನ್ನು ಹೊಸ ಯಂತ್ರಕ್ಕೆ ಕೊಟ್ಟರೆ ಒಂದು ಬಂದು ಇನ್ನೊಂದನ್ನು ಹೊರಹಾಕುತ್ತದೆ, ಮರುದಿನ ಯಂತ್ರ ಏಳುವುದೇ ಇಲ್ಲದಿರಬಹುದು. ಈ ಲೇಖನದಲ್ಲಿ ಒಂದೇ ಒಂದು ಎಚ್ಚರಿಕೆಯನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

"ಲಿನಕ್ಸ್-" ಎಂದು ಆರಂಭವಾಗುವವು. ಇವು ಕರ್ನೆಲ್, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು, ಮತ್ತು ಅದರ ಸಂಗಾತಿಗಳು. ಗುರಿ ಯಂತ್ರಕ್ಕೆ ಅದರದೇ ಕರ್ನೆಲ್ ಇದೆ.

ಚಾಲಕ ತಂತ್ರಾಂಶಗಳು: ಎನ್ವಿಡಿಯಾ ಎಂಬ ಹೆಸರಿರುವವು, ಮೈಕ್ರೋಕೋಡ್ ಎಂದು ಕೊನೆಯಾಗುವವು, ಫರ್ಮ್‌ವೇರ್ ಎಂದು ಆರಂಭವಾಗುವವು. ಗುರಿ ಯಂತ್ರಕ್ಕೆ ಬೇಕಾದ ಚಾಲಕವನ್ನು ಅಲ್ಲಿಯೇ ಪ್ರತ್ಯೇಕವಾಗಿ ಹಾಕಿ.

ಕೊನೆಯಲ್ಲಿ ":ಐ386" ಎಂಬ ಬಾಲವಿರುವ ಹೆಸರುಗಳು. ಇವು 64 ಬಿಟ್ ಯಂತ್ರದಲ್ಲಿ ಹಾಕಿದ 32 ಬಿಟ್ ಪ್ಯಾಕೇಜ್‌ಗಳು, ಸಾಮಾನ್ಯವಾಗಿ ವೈನ್ (ವಿಂಡೋಸ್ ತಂತ್ರಾಂಶ ನಡೆಸುವ ಸಾಧನ) ಜೊತೆ ಬಂದಿರುತ್ತವೆ. ಬೇಡವಾದರೆ ಅಳಿಸಿ. ಬೇಕೇ ಬೇಕೆಂದರೆ ಗುರಿ ಯಂತ್ರದಲ್ಲಿ ಮೊದಲು "ಸುಡೊ ಡಿಪಿಕೆಜಿ --ಆಡ್-ಆರ್ಕಿಟೆಕ್ಚರ್ ಐ386" ಕೊಡಬೇಕು.

ಅಳಿಸಿದ ಮೇಲೆ, ಇರಬೇಕಾದುದು ಇದೆಯೇ ಎಂದೂ ನೋಡಿ. ನಮ್ಮ ಕಡೆ ಒಂದೇ ಭಾಷೆಗೆ ಲ್ಯಾಬ್ ಮುಗಿಯುವುದಿಲ್ಲ. ಬೀದರ್ ಜಿಲ್ಲೆಯಲ್ಲಿ ಮರಾಠಿ ಮತ್ತು ಉರ್ದು ಓದುವ ಮಕ್ಕಳಿದ್ದಾರೆ, ಗುರುಮಠಕಲ್ ಕಡೆ ಮನೆಯಲ್ಲಿ ತೆಲುಗು ಆಡುವವರಿದ್ದಾರೆ. ಕನ್ನಡಕ್ಕೆ ಫಾಂಟ್ಸ್-ಕೆಎನ್‌ಡಿಎ ಮತ್ತು ಫಾಂಟ್ಸ್-ಗುಬ್ಬಿ, ತೆಲುಗಿಗೆ ಫಾಂಟ್ಸ್-ಟಿಇಎಲ್‌ಯು, ಮರಾಠಿ ಹಿಂದಿಗಳ ದೇವನಾಗರಿಗೆ ಫಾಂಟ್ಸ್-ಡಿಇವಿಎ, ಅರಬ್ಬಿ ಲಿಪಿಯೂ ಸೇರಿ ಹಲವು ಲಿಪಿಗಳಿಗೆ ಫಾಂಟ್ಸ್-ನೋಟೊ-ಕೋರ್, ಭಾರತೀಯ ಭಾಷೆಗಳ ಟೈಪಿಂಗಿಗೆ ಐಬಸ್-ಎಮ್17ಎನ್. ಇಲ್ಲದಿದ್ದರೆ ಪಟ್ಟಿಯಲ್ಲಿ ಕೈಯಿಂದಲೇ ಒಂದೊಂದು ಸಾಲಾಗಿ ಸೇರಿಸಿ.

ಎಚ್ಚರಿಕೆ: ಈ ಕಡತವನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದು ತಿದ್ದಬೇಡಿ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಳ್ಳಬಹುದು. ಆಗ ಪಟ್ಟಿಯ ಎಲ್ಲ ಹೆಸರುಗಳೂ "ಸಿಗುತ್ತಿಲ್ಲ" ಎಂದು ಆಪ್ಟ್ ಹಟ ಹಿಡಿಯುತ್ತದೆ. ಹಾಗಾಗಿದ್ದರೆ ಡಾಸ್2ಯುನಿಕ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು "ಡಾಸ್2ಯುನಿಕ್ಸ್ ಪಟ್ಟಿ" ಎಂದರೆ ಸರಿಹೋಗುತ್ತದೆ.

4. ಭಂಡಾರಗಳನ್ನು ಹೊಂದಿಸಿ

ರೆಪೊಸಿಟರಿ ಎಂದರೆ ಪ್ಯಾಕೇಜ್‌ಗಳನ್ನು ಇಟ್ಟಿರುವ ಭಂಡಾರ. ನಿಮ್ಮ ಯಂತ್ರ ಯಾವ ಭಂಡಾರಗಳಿಂದ ತರುತ್ತದೆ ಎಂಬುದು /ಇಟಿಸಿ/ಆಪ್ಟ್ ಎಂಬ ಕೋಶದೊಳಗಿನ ಸೋರ್ಸಸ್.ಲಿಸ್ಟ್ ಕಡತದಲ್ಲಿ ಮತ್ತು ಸೋರ್ಸಸ್.ಲಿಸ್ಟ್.ಡಿ ಕೋಶದಲ್ಲಿ ಇರುತ್ತದೆ. ಮೂಲ ಯಂತ್ರಕ್ಕೆ ಹೊರಗಿನ ಭಂಡಾರ ಸೇರಿಸಿದ್ದರೆ ಗುರಿಯಲ್ಲೂ ಅದನ್ನು ಸೇರಿಸಬೇಕು, ಅದರ ಸಹಿ ಕೀಲಿಯೊಂದಿಗೆ. ಕೀಲಿಗಳು ಸಾಮಾನ್ಯವಾಗಿ /ಇಟಿಸಿ/ಆಪ್ಟ್/ಕೀರಿಂಗ್ಸ್ ಅಥವಾ /ಯುಎಸ್‌ಆರ್/ಶೇರ್/ಕೀರಿಂಗ್ಸ್‌ನಲ್ಲಿರುತ್ತವೆ. ಇಡೀ ಕೋಶವನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ: 22.04ರ ಭಂಡಾರದ ಸಾಲು 24.04ರ ಯಂತ್ರಕ್ಕೆ ಹೋದರೆ ಎರಡು ಆವೃತ್ತಿಗಳು ಬೆರೆತು ಬಿಡಿಸಲಾಗದ ಗಂಟು ಬೀಳುತ್ತದೆ.

ಯಾವ ಭಂಡಾರದಿಂದಲೂ ಬರದೆ, ಡೆಬ್ ಕಡತದಿಂದ (ಡೆಬಿಯನ್ ಬಗೆಯ ಪ್ಯಾಕೇಜ್ ಕಡತ) ನೇರವಾಗಿ ಹಾಕಿದ ತಂತ್ರಾಂಶಗಳೂ ಇರಬಹುದು. ಮೂಲದಲ್ಲಿ

ಆಪ್ಟ್ ಲಿಸ್ಟ್ '?ಅಬ್ಸೊಲೀಟ್'

ಎಂದರೆ ಅಂಥವು ಕಾಣಿಸುತ್ತವೆ. ಅವುಗಳ ಡೆಬ್ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಪಟ್ಟಿಯಿಂದ ಅವುಗಳ ಹೆಸರು ತೆಗೆಯಿರಿ.

5. ಗುರಿ ಯಂತ್ರದಲ್ಲಿ ಹೋಲಿಸಿ ನೋಡಿ

ಮೊದಲು ಗಡಿಯಾರ ನೋಡಿ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತಿರುತ್ತದೆ. ದಿನಾಂಕ ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಆಗ ಭಂಡಾರದ ಮಾಹಿತಿ "ಇನ್ನೂ ಚಾಲ್ತಿಗೆ ಬಂದಿಲ್ಲ" ಎಂದು ಆಪ್ಟ್ ನಿರಾಕರಿಸುತ್ತದೆ. ಇಂಟರ್ನೆಟ್ ಕೆಟ್ಟಿದೆ ಎಂದುಕೊಂಡು ಜನ ಅರ್ಧ ದಿನ ಕಳೆಯುತ್ತಾರೆ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಿಸಿ.

ನಂತರ ಪಟ್ಟಿಯನ್ನು ಯಂತ್ರಕ್ಕೆ ನಕಲು ಮಾಡಿಕೊಂಡು, ಅದೇ ಕೋಶದಲ್ಲಿ ನಿಂತು:

ಸುಡೊ ಆಪ್ಟ್-ಗೆಟ್ ಅಪ್‌ಡೇಟ್
ಸಾರ್ಟ್ ಪಟ್ಟಿ > ಪಟ್ಟಿ1
ಆಪ್ಟ್-ಕ್ಯಾಶ್ ಪಿಕೆಜಿನೇಮ್ಸ್ | ಸಾರ್ಟ್ > ಭಂಡಾರ
ಕಾಮ್ -23 ಪಟ್ಟಿ1 ಭಂಡಾರ

ಕಾಮ್ ಎಂಬುದರ ಕೊನೆಯಲ್ಲಿ ಎಮ್ ಎರಡು ಸಲ ಬರುತ್ತದೆ. ಅದು ಎರಡು ಕಡತಗಳನ್ನು ಹೋಲಿಸುವ ಸಾಧನ; ಎರಡೂ ಅಕಾರಾದಿಯಲ್ಲಿ ಇರಬೇಕೆಂದೇ ಸಾರ್ಟ್ ಮಾಡಿದ್ದು. ಕೊನೆಯ ಆಜ್ಞೆ ನಿಮ್ಮ ಪಟ್ಟಿಯಲ್ಲಿದ್ದು ಈ ಯಂತ್ರದ ಭಂಡಾರಗಳಿಗೆ ಗೊತ್ತಿಲ್ಲದ ಹೆಸರುಗಳನ್ನು ತೋರಿಸುತ್ತದೆ.

ಈ ಹೋಲಿಕೆ ಏಕೆ ಮುಖ್ಯ? ಇನ್ನೂರು ಹೆಸರುಗಳ ಪಟ್ಟಿಯಲ್ಲಿ ಒಂದೇ ಒಂದು ಹೆಸರು ಸಿಗದಿದ್ದರೂ ಆಪ್ಟ್-ಗೆಟ್ ಉಳಿದ ಯಾವುದನ್ನೂ ಹಾಕದೆ ನಿಂತುಬಿಡುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ತೋರಿಸಿದ ಪ್ರತಿ ಹೆಸರಿಗೂ ಕಾರಣ ಹುಡುಕಿ: ಭಂಡಾರ ಸೇರಿಸುವುದು ಮರೆತಿರಬಹುದು, ಅಥವಾ ಹೆಸರು ಬದಲಾಗಿರಬಹುದು. ಉದಾಹರಣೆಗೆ ಮಕ್ಕಳ ಕಲಿಕೆಯ ತಂತ್ರಾಂಶ ಹಿಂದೆ ಜಿಕಾಂಪ್ರಿಸ್ ಎಂಬ ಹೆಸರಿನಲ್ಲಿತ್ತು, ಈಗ ಜಿಕಾಂಪ್ರಿಸ್-ಕ್ಯೂಟಿ. ಪೈಥಾನ್ ಹೋಗಿ ಪೈಥಾನ್3 ಉಳಿದಿದೆ. ಹೊಸ ಹೆಸರು ತಿಳಿಯಲು "ಆಪ್ಟ್ ಸರ್ಚ್" ಬಳಸಿ. ತಿದ್ದಿದ ಮೇಲೆ ಮೇಲಿನ ಮೊದಲ ಮೂರು ಆಜ್ಞೆಗಳನ್ನು ಮತ್ತೆ ಕೊಟ್ಟು, ಎರಡೂ ಕಡೆ ಇರುವ ಹೆಸರುಗಳನ್ನಷ್ಟೇ ಉಳಿಸಿಕೊಳ್ಳಿ:

ಕಾಮ್ -12 ಪಟ್ಟಿ1 ಭಂಡಾರ > ಸಿದ್ಧಪಟ್ಟಿ

6. ಮೊದಲು ಪ್ರಯೋಗ, ಆಮೇಲೆ ಅಳವಡಿಕೆ

ಎಕ್ಸ್‌ಆರ್ಗ್ಸ್ -ಎ ಸಿದ್ಧಪಟ್ಟಿ ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್

ಇಲ್ಲಿರುವ "-ಎಸ್" ಏನನ್ನೂ ಹಾಕದೆ, ಹಾಕಿದ್ದರೆ ಏನಾಗುತ್ತಿತ್ತು ಎಂದಷ್ಟೇ ತೋರಿಸುತ್ತದೆ. ಬರುವ ಸಾಲುಗಳಲ್ಲಿ ಇಂಗ್ಲಿಷಿನ ಆರ್, ಇ, ಎಮ್, ವಿ ಎಂಬ ನಾಲ್ಕು ಅಕ್ಷರಗಳಿಂದ ಆರಂಭವಾಗುವವನ್ನು ಹುಡುಕಿ. ಅವು ತೆಗೆದುಹಾಕಲಾಗುವ ಪ್ಯಾಕೇಜ್‌ಗಳು. ಅಂತಹ ಸಾಲು ಒಂದೂ ಇರಬಾರದು. ಇದ್ದರೆ ಮೂರನೆಯ ಹಂತಕ್ಕೆ ಹಿಂದಿರುಗಿ. ಯಾವುದಾದರೂ ಹೆಸರು ಹಾಕಲು ಬರುವುದಿಲ್ಲ ಎಂದರೆ ಅದನ್ನು ಸಿದ್ಧಪಟ್ಟಿಯಿಂದ ಕೈಯಾರೆ ತೆಗೆಯಿರಿ. ಭಂಡಾರದ ಹೆಸರುಗಳಲ್ಲಿ ಹಾಕಲಾಗದ ಕೆಲವು ತೋರಿಕೆಯ ಹೆಸರುಗಳೂ ಇರುತ್ತವೆ.

ಎಲ್ಲ ಸರಿಯಿದ್ದರೆ:

ಎಕ್ಸ್‌ಆರ್ಗ್ಸ್ -ಎ ಸಿದ್ಧಪಟ್ಟಿ ಸುಡೊ ಆಪ್ಟ್-ಗೆಟ್ --ನೋ-ರಿಮೂವ್ ಇನ್‌ಸ್ಟಾಲ್

"--ನೋ-ರಿಮೂವ್" ನಿಮ್ಮ ಕಾವಲುಗಾರ. ಏನನ್ನಾದರೂ ತೆಗೆಯಬೇಕಾಗಿ ಬಂದರೆ ಆಪ್ಟ್ ಮುಂದುವರಿಯದೆ ನಿಲ್ಲುತ್ತದೆ. "-ಎ" ಬಿಟ್ಟು ಪಟ್ಟಿಯನ್ನು ಬಾಣದ ಗುರುತಿನಿಂದ ಕೊಡುವ ರೂಢಿಯೂ ಇದೆ. ಆದರೆ ಹಾಗೆ ಮಾಡಿದರೆ ಆಪ್ಟ್ ಕೇಳುವ "ಹೌದೇ, ಅಲ್ಲವೇ" ಪ್ರಶ್ನೆಗೆ ಉತ್ತರಿಸಲು ನಿಮ್ಮ ಕೀಲಿಮಣೆಗೆ ಅವಕಾಶವೇ ಸಿಗದೆ ಕೆಲಸ ರದ್ದಾಗುತ್ತದೆ.

ಬೀಗ (ಲಾಕ್) ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ, ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ಸ್ವಯಂ ನವೀಕರಣ ನಡೆಯುತ್ತಿದೆ ಎಂದರ್ಥ. ಕೆಲವು ನಿಮಿಷ ಕಾಯಿರಿ. ಬೀಗದ ಕಡತವನ್ನು ಅಳಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಇನ್ನು ವಿದ್ಯುತ್ತು. ಕಲಬುರಗಿಯ ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟಿದಾಗ ಮಧ್ಯಾಹ್ನದ ಹೊತ್ತು ಕರೆಂಟನ್ನು ನಂಬಿ ಈ ಕೆಲಸಕ್ಕೆ ಕೂರಬೇಡಿ; ಬೆಳಗ್ಗೆ ಮುಗಿಸಿ. ನಡುವೆ ಕರೆಂಟ್ ಹೋಗಿ ಪ್ಯಾಕೇಜ್‌ಗಳು ಅರ್ಧಕ್ಕೆ ನಿಂತರೆ ಯಂತ್ರ ಮತ್ತೆ ಎದ್ದ ಮೇಲೆ ಈ ಎರಡನ್ನು ಇದೇ ಕ್ರಮದಲ್ಲಿ ಕೊಡಿ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್-ಗೆಟ್ -ಎಫ್ ಇನ್‌ಸ್ಟಾಲ್

ಬಳಿಕ ಅಳವಡಿಕೆಯ ಆಜ್ಞೆಯನ್ನೇ ಮತ್ತೊಮ್ಮೆ ಕೊಟ್ಟರೆ ಸಾಕು. ಆಗಲೇ ಬಂದಿರುವುದನ್ನು ಅದು ಮತ್ತೆ ಹಾಕುವುದಿಲ್ಲ.

ಮುಗಿದ ಮೇಲೆ ಪರೀಕ್ಷಿಸಿ:

ಆಪ್ಟ್-ಮಾರ್ಕ್ ಶೋಮ್ಯಾನುಯಲ್ | ಸಾರ್ಟ್ > ಈಗ
ಸಾರ್ಟ್ ಸಿದ್ಧಪಟ್ಟಿ > ಸಿದ್ಧ1
ಕಾಮ್ -23 ಸಿದ್ಧ1 ಈಗ

ಏನೂ ಕಾಣಿಸದಿದ್ದರೆ ಎಲ್ಲವೂ ಬಂದಿದೆ. ಒಂದು ಮಾತು: ಈ ಪಟ್ಟಿ ಸೇರಿಸುತ್ತದೆ, ತೆಗೆಯುವುದಿಲ್ಲ. ಮೂಲ ಯಂತ್ರದಲ್ಲಿ ನೀವು ಕಿತ್ತುಹಾಕಿದ ಆಟಗಳು ಗುರಿ ಯಂತ್ರದಲ್ಲಿ ಹಾಗೆಯೇ ಇರುತ್ತವೆ. ಅವನ್ನು ಪ್ರತ್ಯೇಕವಾಗಿ ತೆಗೆಯಿರಿ.

7. ಹದಿನೈದು ಸಲ ಇಳಿಸಿಕೊಳ್ಳಬೇಡಿ

ಪ್ರತಿ ಯಂತ್ರವೂ ಇಂಟರ್ನೆಟ್‌ನಿಂದ ಅದನ್ನೇ ಇಳಿಸಿಕೊಂಡರೆ ಡೇಟಾ ಮತ್ತು ಸಮಯ ಎರಡೂ ಹಾಳು. ಲ್ಯಾಬಿನಲ್ಲಿ ಲ್ಯಾನ್ (ಯಂತ್ರಗಳನ್ನು ಪರಸ್ಪರ ಜೋಡಿಸುವ ಒಳ ನೆಟ್‌ವರ್ಕ್) ಇದ್ದರೆ ಒಂದು ಯಂತ್ರದಲ್ಲಿ ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿ. ಒಮ್ಮೆ ಬಂದ ಪ್ಯಾಕೇಜನ್ನು ಅದು ತನ್ನಲ್ಲಿ ಇಟ್ಟುಕೊಂಡು ಉಳಿದವರಿಗೆ ಹಂಚುತ್ತದೆ. ಉಳಿದ ಯಂತ್ರಗಳಲ್ಲಿ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಕೋಶದೊಳಗೆ 01ಪ್ರಾಕ್ಸಿ ಎಂಬ ಕಡತ ಮಾಡಿ ಈ ಒಂದು ಸಾಲು ಬರೆಯಿರಿ. ಅಕ್ವೈರ್ ಮತ್ತು ಪ್ರಾಕ್ಸಿ ಪದಗಳ ಮೊದಲ ಅಕ್ಷರ ಮಾತ್ರ ದೊಡ್ಡದು:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.10:3142";

192.168.1.10 ಇರುವಲ್ಲಿ ನಿಮ್ಮ ಯಂತ್ರದ ವಿಳಾಸ ಬರೆಯಿರಿ. ಆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಟ್ಟಿಹಾಕಿ. 3142 ಆ ತಂತ್ರಾಂಶದ ದ್ವಾರ (ಪೋರ್ಟ್) ಸಂಖ್ಯೆ. ಮನೆಗೆ ಒಯ್ಯುವ ಲ್ಯಾಪ್‌ಟಾಪಿಗೆ ಈ ಸಾಲು ಹಾಕಬೇಡಿ, ಲ್ಯಾಬಿನಿಂದ ಹೊರಗೆ ಹೋದ ಕೂಡಲೇ ಅದರ ನವೀಕರಣ ನಿಂತುಹೋಗುತ್ತದೆ.

ಲ್ಯಾನ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್ ಮಾತ್ರ ಇದೆ ಎನ್ನುವವರಿಗೆ: ಮೊದಲ ಗುರಿ ಯಂತ್ರದಲ್ಲಿ ಆರನೆಯ ಹಂತ ಮುಗಿಸಿದಾಗ ಇಳಿದ ಡೆಬ್ ಕಡತಗಳೆಲ್ಲ /ವಿಎಆರ್/ಕ್ಯಾಶ್/ಆಪ್ಟ್/ಆರ್ಕೈವ್ಸ್‌ನಲ್ಲಿ ಉಳಿದಿರುತ್ತವೆ. ಅವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಮುಂದಿನ ಯಂತ್ರದ ಅದೇ ಕೋಶಕ್ಕೆ ಸುಡೊ ಮೂಲಕ ನಕಲು ಮಾಡಿ, ಹಾಟ್‌ಸ್ಪಾಟಿನಲ್ಲಿ ಅಪ್‌ಡೇಟ್ ಮಾಡಿ, ಬಳಿಕ ಅಳವಡಿಸಿ. ಕೋಶದಲ್ಲಿ ಇರುವುದನ್ನು ಆಪ್ಟ್ ಮತ್ತೆ ಇಳಿಸುವುದಿಲ್ಲ. ಗಮನಿಸಿ, ಆಪ್ಟ್-ಗೆಟ್ ಮಾತ್ರ ಡೆಬ್ ಕಡತಗಳನ್ನು ಹೀಗೆ ಉಳಿಸುತ್ತದೆ. ಬರೀ "ಆಪ್ಟ್" ಎಂದು ಅಳವಡಿಸಿದರೆ ಕೆಲಸ ಮುಗಿದ ಮೇಲೆ ಅವನ್ನು ಅಳಿಸಿಬಿಡುತ್ತದೆ. ಎಲ್ಲ ಯಂತ್ರಗಳನ್ನೂ ಒಂದೆರಡು ದಿನಗಳೊಳಗೆ ಮುಗಿಸಿ, ಇಲ್ಲದಿದ್ದರೆ ಭಂಡಾರದಲ್ಲಿ ಹೊಸ ಆವೃತ್ತಿ ಬಂದು ಹಳೆಯ ಡೆಬ್‌ಗಳು ವ್ಯರ್ಥವಾಗುತ್ತವೆ.

8. ಪಟ್ಟಿಯಲ್ಲಿ ಬಾರದವು

ಸ್ನ್ಯಾಪ್ ಮತ್ತು ಫ್ಲಾಟ್‌ಪ್ಯಾಕ್ ಎಂಬ ಬೇರೆ ಅಳವಡಿಕೆ ವ್ಯವಸ್ಥೆಗಳ ಮೂಲಕ ಹಾಕಿದವು ಆಪ್ಟ್ ಲೆಕ್ಕಕ್ಕೆ ಬರುವುದಿಲ್ಲ. "ಸ್ನ್ಯಾಪ್ ಲಿಸ್ಟ್" ಮತ್ತು "ಫ್ಲಾಟ್‌ಪ್ಯಾಕ್ ಲಿಸ್ಟ್ --ಆಪ್" ಕೊಟ್ಟು ಅವುಗಳ ಹೆಸರು ಬರೆದುಕೊಳ್ಳಿ.

ಹೊಂದಾಣಿಕೆಗಳೂ ಬರುವುದಿಲ್ಲ. ಐಬಸ್ ಬಂದರೂ ಕನ್ನಡ ಕೀಲಿಮಣೆ ತಾನಾಗಿ ಕಾಣಿಸುವುದಿಲ್ಲ. "ಕನ್ನಡ ಟೈಪ್ ಆಗುತ್ತಿಲ್ಲ, ಪ್ಯಾಕೇಜ್ ಸರಿಯಾಗಿ ಬಂದಿಲ್ಲ" ಎಂಬ ದೂರುಗಳಲ್ಲಿ ಬಹುಪಾಲು ಇದೇ. ಪ್ರತಿ ಬಳಕೆದಾರರ ಖಾತೆಯಲ್ಲೂ ಕೀಲಿಮಣೆ ಸೇರಿಸಬೇಕು. ನುಡಿ ಅಭ್ಯಾಸವಿರುವವರು ಕೆಜಿಪಿ ವಿನ್ಯಾಸವನ್ನು ಆರಿಸಿಕೊಳ್ಳಿ. ಗ್ನೋಮ್ ಪರದೆಯವರಿಗೆ (ಉಬುಂಟುವಿನಲ್ಲಿ ಸಾಮಾನ್ಯವಾಗಿ ಇರುವ ಡೆಸ್ಕ್‌ಟಾಪ್) ಸುಲಭದ ದಾರಿಯಿದೆ. ಮೂಲದಲ್ಲಿ

ಡಿಕಾನ್ಫ್ ಡಂಪ್ /ಓಆರ್‌ಜಿ/ಗ್ನೋಮ್/ಡೆಸ್ಕ್‌ಟಾಪ್/ಇನ್‌ಪುಟ್-ಸೋರ್ಸಸ್/ > ಕೀಲಿ

ಎಂದು ಉಳಿಸಿಕೊಂಡು, ಗುರಿಯಲ್ಲಿ ವಿದ್ಯಾರ್ಥಿಯ ಖಾತೆಗೆ ಹೋಗಿ ಅದೇ ಆಜ್ಞೆಯನ್ನು ಡಂಪ್ ಬದಲು ಲೋಡ್ ಎಂದು, ಬಾಣವನ್ನು ಎಡಕ್ಕೆ ತಿರುಗಿಸಿ ಕೊಡಿ.

9. ಫೆಡೋರಾ ಮತ್ತು ಆರ್ಚ್ ಬಳಸುವವರಿಗೆ

ಫೆಡೋರಾದಲ್ಲಿ "ಡಿಎನ್ಎಫ್ ರೆಪೊಕ್ವೆರಿ --ಯೂಸರ್‌ಇನ್‌ಸ್ಟಾಲ್ಡ್" ಕೇಳಿ ಹಾಕಿದವುಗಳನ್ನು ಕೊಡುತ್ತದೆ. ಹೆಸರಿನ ಜೊತೆ ಆವೃತ್ತಿಯೂ ಬರುವುದರಿಂದ ಅದನ್ನು ಕತ್ತರಿಸಿ ಹೆಸರಷ್ಟನ್ನೇ ಉಳಿಸಿಕೊಳ್ಳಿ. ಆರ್ಚ್‌ನಲ್ಲಿ ಮೂಲದಲ್ಲಿ "ಪ್ಯಾಕ್‌ಮ್ಯಾನ್ -ಕ್ಯೂಕ್ಯೂಇಎನ್ > ಪಟ್ಟಿ" (ಮೊದಲ ಕ್ಯೂ ಮಾತ್ರ ದೊಡ್ಡಕ್ಷರ), ಗುರಿಯಲ್ಲಿ "ಸುಡೊ ಪ್ಯಾಕ್‌ಮ್ಯಾನ್ -ಎಸ್ --ನೀಡೆಡ್ - < ಪಟ್ಟಿ" (ಎಸ್ ದೊಡ್ಡಕ್ಷರ). ಡೆಬಿಯನ್ ಪಟ್ಟಿಯನ್ನು ಇವುಗಳಿಗೆ ಕೊಡಲು ಹೋಗಬೇಡಿ: ಡೆಬಿಯನ್‌ನಲ್ಲಿ ಅಪಾಚೆ2 ಎಂದಿರುವುದು ಫೆಡೋರಾದಲ್ಲಿ ಎಚ್‌ಟಿಟಿಪಿಡಿ, "-ಡೆವ್" ಎಂದು ಕೊನೆಯಾಗುವವು "-ಡೆವೆಲ್". ಅಂತಹ ಕಡೆ ಹೆಸರುಗಳನ್ನು ಒಂದೊಂದಾಗಿ ಹುಡುಕಿ ಹೊಸ ಪಟ್ಟಿಯನ್ನೇ ಬರೆಯಬೇಕು.